ಪಾಷಾ ಸಾಹೇಬರ ಕೈಗುಣ

ಖುರ್ಷಿದ್ ಪಾಷಾ ಗುಬ್ಬಿಯಲ್ಲಿ ಮೂವತ್ತು ವರ್ಷದಿಂದ ವಾಚ್ ರಿಪೇರಿ ಮಾಡುವವರು. ನೀರೆಂದರೆ ಅವರಿಗೆ ವೈರಿ; ವಾಚಿನೊಳಗೆ ಒಂದು ಹನಿ ಹೋದರೂ ಕೆಲಸ ಕೆಟ್ಟಿತು. ಅಂಥವರ ಕೈಗೆ ಮಹಡಿಯ ಮೇಲಿನ ಓನರ್ ಭದ್ರಮ್ಮ ಒಂದೆಲಗದ ಕುಂಡ ಕೊಟ್ಟು, ಕೊತ್ತಗೆರೆಯ ತಂಗಿ ಮನೆಗೆ ಹೊರಟರು.

“ಕೆರೆ ಅಂಚಲ್ಲಿ ಬೆಳೆಯೋ ಸೊಪ್ಪು ಸಾಬ್ರೇ, ಮಣ್ಣು ಒದ್ದೆ ಇರ್ಬೇಕು. ಭಾನ್ವಾರ ಸಂಜೆ ಬರ್ತೀನಿ. ಬಂದ್ಮೇಲೆ ಅಗ್ರಿಮೆಂಟ್ ವಿಷ್ಯ ಮಾತಾಡಾನ. ಗಿಡ ನೋಡ್ಕೊಳ್ಳಕ್ಕೆ ಬರ್ದೋರು ಮನೆ ಏನ್ ನೋಡ್ಕೊಂಡಾರು?”

ಕೊನೆಯ ಮಾತಿಗೆ ಪಾಷಾ ಕುಂಡವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದರು. ಹನ್ನೊಂದು ವರ್ಷದಿಂದ ಬಾಡಿಗೆಗಿದ್ದ ಮನೆ, ಅಂಗಡಿಗೆ ನಾಲ್ಕೇ ಹೆಜ್ಜೆ. ಹಾಗಾಗಿ ವಾಚಿಗೆ ಎಣ್ಣೆ ಬಿಡುವಷ್ಟೇ ಶ್ರದ್ಧೆಯಿಂದ, ಇಂಕ್ ಫಿಲ್ಲರಿನಲ್ಲಿ ದಿನಕ್ಕೆ ಎಂಟು ಹನಿ ನೀರು ಬಿಟ್ಟರು.

ಭಾನುವಾರ ಬೆಳಿಗ್ಗೆ ಹೆಂಡತಿ ನಜೀರಾ ಕುಂಡ ನೋಡಿ ಕೂಗಿಕೊಂಡರು. “ರೀ, ಇದೇನ್ರೀ, ಎಲೆಯೆಲ್ಲ ಹಪ್ಳ ಆಗ್ಬಿಟ್ಟಿದೆ!”

ಆ ಕೂಗಿಗೆ ಎದುರುಮನೆಯ ವೀರಭದ್ರಯ್ಯ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದೇಬಿಟ್ಟರು. ರಿಟೈರ್ ಆದ ಮೇಲೆ ಬೀದಿಯವರ ಕಷ್ಟವೇ ಅವರಿಗೆ ಬೆಳಗಿನ ಕಾಫಿ. “ಮಜ್ಜಿಗೆ ಹಾಕಿ” ಎಂದರು, ಹಾಕಿದ್ದಾಯಿತು. “ಬಿಸ್ಲಿಗಿಡಿ” ಎಂದರು, ಇಟ್ಟಿದ್ದಾಯಿತು. ಹನ್ನೊಂದು ಗಂಟೆಗೆ ಕುಂಡದಲ್ಲಿ ಹುಳಿ ವಾಸನೆ. ಜೀವವಿದ್ದದ್ದು ನೊಣಗಳಿಗೆ ಮಾತ್ರ.

“ಬುಡಿ ಸಾಬ್ರೇ, ಕಡಬದ ಕೆರೆ ಅಂಚಲ್ಲಿ ಇದೇ ಒಂದೆಲಗ ರಾಶಿ ಐತೆ. ಸ್ಕೂಟ್ರು ತೆಗೀರಿ, ನಾನೂ ಬರ್ತೀನಿ.”

ಕೆರೆಯಂಚಿನಲ್ಲಿ ಪಾಷಾ ಬಗ್ಗಿ ಬೇರಿಗೆ ಕೈ ಹಾಕಿದ್ದರು. “ಹುಷಾರು, ಜಾರ್ತದೆ!” ಎಂದು ವೀರಭದ್ರಯ್ಯ ಕಿರುಚಿದ ರಭಸಕ್ಕೇ ಬೆಚ್ಚಿ, ಸೊಂಟದವರೆಗೂ ಕೆಸರಿಗಿಳಿದರು. ಒಂದು ಚಪ್ಪಲಿ ಕೆರೆಯ ಪಾಲಾಯಿತು. ಕೈಗೆ ಕಟ್ಟಿದ್ದ ವಾಚು ನೀರು ಕುಡಿದು ನಿಂತಿತು. ಹೇಗೋ ಎರಡು ಹಿಡಿ ಹಸಿರು ಸಿಕ್ಕಿತು.

ಕುಂಡ ತೊಳೆದು, ಕೆರೆಮಣ್ಣು ತುಂಬಿ, ಒಂದೆಲಗ ನೆಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಗೇಟಿನ ಸದ್ದಾಯಿತು. ಭದ್ರಮ್ಮ ಕುಂಡ ನೋಡಿ ಕಣ್ಣುಜ್ಜಿಕೊಂಡರು.

“ಅಯ್ಯೋ ಶಿವನೇ, ಬದುಕ್ಸಿಬಿಟ್ಟಿದೀರಾ! ಯಾಕ್ ಸುಳ್ಳು ಹೇಳ್ಲಿ ಸಾಬ್ರೇ, ಹೊರಡೋ ಗಳಿಗೇಲಿ ಅನ್ನ ಬಸ್ದ ಗಂಜಿನ ಸುಡುಸುಡ್ತಾ ಇದಕ್ಕೇ ಸುರ್ದುಬಿಟ್ಟಿದ್ದೆ. ಸೊಸೆ ತಂದ ಗಿಡ. ಅವ್ಳ ಬಾಯಿಗೆ ಹೆದ್ರಿ, ತಪ್ಪು ನಿಮ್ ತಲೆಗೆ ಕಟ್ಟಾನ ಅಂತ ಕೊಟ್ಟೋಗಿದ್ದೆ!”

ನಿಜ ಹೇಳಿದರೆ ಮನೆ ಹೋಗುತ್ತದೆಂದು ಪಾಷಾ ಕೆಸರು ಮೆತ್ತಿದ ಕಾಲನ್ನು ಕುಂಡದ ಹಿಂದಕ್ಕೆ ಸರಿಸಿದರು.

“ಎಲ್ಲಾ ಅವ್ರ ಕೈಗುಣ ಭದ್ರಮ್ಮನೋರೇ! ನಾನೇ ಕಣ್ಣಾರೆ ನೋಡಿದೀನಿ,” ಎಂದು ವೀರಭದ್ರಯ್ಯ ಕಣ್ಣು ಮಿಟುಕಿಸಿದರು.

“ಹಂಗಾರೆ ಮನೆ ನಿಮ್ಗೇ ಬುಡಿ,” ಎನ್ನುತ್ತಾ ಭದ್ರಮ್ಮ ಮಹಡಿ ಹತ್ತಿ, ಒಂದೊಂದಾಗಿ ಆರು ಕುಂಡ ಇಳಿಸಿದರು. “ಇವೂ ಒಣಗೋಗವೆ. ಬರೋ ಭಾನ್ವಾರದೊಳ್ಗೆ ಬದುಕ್ಸಿಕೊಡಿ ಸಾಬ್ರೇ. ಆಮೇಲೆ ಸೈನ್ ಹಾಕ್ತೀನಿ.”

ಪಾಷಾ ವಾಚ್ ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದರು. ಆರೂ ಗುಲಾಬಿ. ಕಡಬದ ಕೆರೆಯಂಚಿನಲ್ಲಿ ಗುಲಾಬಿ ಬೆಳೆಯುವುದಿಲ್ಲ.