ಮಾಸ್ತರ ಲಿವರ್ ರಿಪೋರ್ಟ್

ಶಿರಸಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ನಾನು. ಸೂಜಿಗೆ ಹೆದರುವವರು ಕಡಿಮೆ, ರಿಪೋರ್ಟಿಗೆ ಹೆದರುವವರೇ ಜಾಸ್ತಿ. ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯದಿದ್ದರೆ ನನಗೇ ಬೇಸರ.

೧. ಆ ಒಂದು ಶಬ್ದ

ಕಳೆದ ಮಳೆಗಾಲದ ಫ್ಲೂ ಹಾವಳಿಯಲ್ಲಿ ಸಿದ್ದಾಪುರ ಕಡೆಯ ನಿವೃತ್ತ ಮಾಸ್ತರೊಬ್ಬರು ಜ್ವರ, ಕೆಮ್ಮು, ದಮ್ಮು ಎಂದು ಸೇರಿದ್ದರು. ಊರೂರು ತಿರುಗಿ ಕುಡಿತ ಬಿಡಿಸುವ ಶಿಬಿರ ಮಾಡುವವರು. ಅವರನ್ನು ಕಂಡರೆ ಬಾರಿನ ಮುಂದೆ ನಿಂತವರು ಬಸ್ಸಿಗೆ ಕಾಯುವವರಾಗುತ್ತಾರೆ.

ರಕ್ತ ಪರೀಕ್ಷೆಯಲ್ಲಿ ಅವರ ಲಿವರಿನ ಲೆಕ್ಕ ಏರುಪೇರಾಗಿತ್ತು. ಇಂಥ ವೈರಸ್ ಜ್ವರ ಕೆಲವರಲ್ಲಿ ಲಿವರಿಗೂ ತಾಗುತ್ತದೆ, ಜ್ವರ ಇಳಿದ ಮೇಲೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆದರೆ ನಮ್ಮ ಕಡೆ ಲಿವರ್ ಹಾಳು ಎಂದರೆ ಒಂದೇ ಅರ್ಥ. ಡಾಕ್ಟರು ಅತ್ತ ಹೋಗುವುದನ್ನೇ ಕಾದಿದ್ದ ಮಾಸ್ತರ ಹೆಂಡತಿ ಕೇಳಿದರು:

"ಶಿಬಿರ ಶಿಬಿರ ಹೇಳಿ ನಿಂಗ ಎಲ್ಲಿಗೆ ಹೋಗ್ತಿದ್ರಿ?"

೨. ಪಕ್ಕದ ಹಾಸಿಗೆ

ಪಕ್ಕದ ಹಾಸಿಗೆಯಲ್ಲಿ ಬನವಾಸಿ ಕಡೆಯ ಲಾರಿ ಡ್ರೈವರ್, ಅದೇ ಜ್ವರ. ಮಾಸ್ತರ ಶಿಬಿರದಿಂದ ಎರಡು ಸಲ ಓಡಿಹೋದ ಆಸಾಮಿ. ಅವನ ಲಿವರ್ ಸರಿಯಾಗಿಯೇ ಇತ್ತು! ಅದು ಕುಡಿಯಲು ಲೈಸೆನ್ಸ್ ಅಲ್ಲ ಎಂದು ಡಾಕ್ಟರು ಬೈದರು. ಅವನು ಮಾತ್ರ ಮಾಸ್ತರ ಕಡೆ ಹೊರಳಿ, ಶಿಬಿರದಲ್ಲಿ ಅವರು ಮಾತಾಡುವ ಧಾಟಿಯಲ್ಲೇ ಹೇಳಿದ:

"ಮನಿಯವ್ರ ಮಾರಿ ನೋಡಿ ಆದ್ರೂ ಬಿಡ್ರಿ ಮಾಸ್ತರ."

೩. ನಾರ್ಮಲ್

ಡಾಕ್ಟರು ಮತ್ತೊಮ್ಮೆ ವಿವರಿಸಿದ್ದರಿಂದ ಹೆಂಡತಿ ನಂಬಿದರು. ಆದರೆ ಸುದ್ದಿ ಊರು ಮುಟ್ಟಿತ್ತು. "ಆನು ಒಂದು ಹನಿನೂ ಮುಟ್ಟಿದ್ನಿಲ್ಲೆ ತಂಗಿ" ಎಂದು ನನ್ನ ಬಳಿ ಹೇಳುವಾಗ ಮಾಸ್ತರ ಕಣ್ಣು ತುಂಬಿತ್ತು. ಇಷ್ಟು ಹೊತ್ತು ಒಳಗೊಳಗೇ ನಕ್ಕ ನನಗೂ ಪಾಪ ಅನಿಸಿತು. ಹದಿನೈದು ದಿನ ಬಿಟ್ಟು ಬನ್ನಿ, ಹೊಸ ರಿಪೋರ್ಟೇ ನಿಮ್ಮ ಮಾನ ಉಳಿಸುತ್ತದೆ ಎಂದು ಸಮಾಧಾನ ಹೇಳಿದೆ.

ಹೆಂಡತಿಯ ಜೊತೆ ಬಂದರು. ಮರುತಪಾಸಣೆಗೆ ಬಂದ ಡ್ರೈವರನೂ ಬೆಂಚಿನಲ್ಲಿದ್ದ. ಮಾಸ್ತರು ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ "ನಾರ್ಮಲ್" ಎಂದು ಎರಡೆರಡು ಸಲ ಓದಿದರು.

ಡ್ರೈವರ್ ಎದ್ದು ಬಂದು ಕೈ ಮುಗಿದ. "ಬಿಟ್ಟ ಕೂಡ್ಲೆ ಹೆಂಗ ಸರಿ ಆತು ನೋಡ್ರಿ. ಈ ವಯಸ್ಸಿನಾಗ ನೀವು ಬಿಟ್ರಿ ಅಂದ್ರ, ನಾನೂ ಬಿಡ್ತೀನ್ರಿ. ನಾಳೆನೇ ಶಿಬಿರಕ್ಕ ಬರ್ತೀನಿ."

ಮಾಸ್ತರು ಹೆಂಡತಿಯ ಮುಖ ನೋಡಿದರು. ಆಮೇಲೆ ರಿಪೋರ್ಟನ್ನು ಮಡಚಿ ಕಿಸೆಗೆ ಹಾಕಿಕೊಂಡು ನಿಟ್ಟುಸಿರು ಬಿಟ್ಟರು.

"ಹೌದು ಮಾರಾಯ, ಬಿಡೋದು ಬಾಳ ಕಷ್ಟ ಆತು."