ವಕಾರ್ ಮೇಷ್ಟ್ರ ಬೇಹುಗಾರಿಕೆ ಪಾಠ

ಎಲ್ಲ ರಗಳೆಗೂ ಮೂಲ ‘ಸರ್ವೈಲೆನ್ಸ್’ ಎಂಬ ಒಂದು ಪದ.

ದ್ವಿತೀಯ ಪಿಯುಸಿ ಮಕ್ಕಳು ಅದನ್ನು ಬರೆದರು, ಉರು ಹೊಡೆದರು, ಒಕ್ಕೊರಲಿನಲ್ಲಿ ಕೂಗಿದರು. ಮರುದಿನ ವಕಾರ್ ಮೇಷ್ಟ್ರು ಅರ್ಥ ಕೇಳಿದರೆ ಎಲ್ಲರೂ ತಲೆ ತಗ್ಗಿಸಿ ಬೆಂಚಿನ ಮೇಲಿನ ಗೀರುಗಳನ್ನು ಓದತೊಡಗಿದರು. “ಅಂದ್ರೆ ಕಣ್ಣಿಟ್ಟು ಕಾಯೋದು ಕಣ್ರಪ್ಪ. ಯಾರು ಏನು ಮಾಡ್ತಾರೆ, ಎಲ್ಲಿಗೆ ಹೋಗ್ತಾರೆ ಅಂತ ಸದಾ ನೋಡ್ತಾ ಇರೋದು” ಎಂದು ಮೇಷ್ಟ್ರು ಅದೆಷ್ಟನೆಯ ಸಲವೋ ಹೇಳಿದರು. ಮಕ್ಕಳು “ಎಸ್ ಸಾರ್” ಎಂದರು. ಆ ತರಗತಿಗೆ ಬರುತ್ತಿದ್ದ ಇಂಗ್ಲಿಷ್ ಎರಡೇ ತುಂಡು. ಒಂದು ‘ಪ್ರೆಸೆಂಟ್ ಸಾರ್’, ಇನ್ನೊಂದು ‘ಎಸ್ ಸಾರ್’.

ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ ಇದ್ದ ಖಾಸಗಿ ಕಾಲೇಜು ಅದು. ವಕಾರ್ ಅಲ್ಲಿ ತಾತ್ಕಾಲಿಕ ಉಪನ್ಯಾಸಕರು. ಅವರಿಗೆ ಮದುವೆಯಾಗಿ, ಮಗಳು ಜೋಯಾ ಶಾಲೆಗೆ ಸೇರಿದರೂ ಕೆಲಸ ಮಾತ್ರ ತಾತ್ಕಾಲಿಕವಾಗಿಯೇ ಉಳಿದಿತ್ತು. “ಟೇಬಲ್ ಕುರ್ಚಿ ಮಾಡೋದು ಕಲಿತಿದ್ದರೆ ಈ ಹೊತ್ತಿಗೆ ನೀನೇ ನಾಲ್ಕು ಜನಕ್ಕೆ ಕೆಲಸ ಕೊಡ್ತಿದ್ದೆ” ಎಂದು ಹುಣಸೂರಿನಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದ ತಂದೆ ಅಬ್ದುಲ್ ಅಜೀಜ್ ಹಬ್ಬಕ್ಕೊಮ್ಮೆ ನೆನಪಿಸುತ್ತಿದ್ದರು.

ಈ ವರ್ಷ ಆಸೆಯ ಎಳೆಯೊಂದು ಕಂಡಿತ್ತು. ಕಾಲೇಜಿನ ಕಾರ್ಯದರ್ಶಿ ಕಂಠಪ್ಪನವರು ಎಲ್ಲರೆದುರು ಮಾತು ಕೊಟ್ಟಿದ್ದರು. “ಮೇಷ್ಟ್ರೇ, ಮೈಸೂರ್ನಾಗೆ ಉಡುಗ್ರು ಇಂಗ್ಲೀಷ್ ಕಾದಂಬ್ರಿ ಓದ್ತವಂತೆ. ನಮ್ಮವೂ ಓದ್ಲಿ. ನಾನೇ ಒಂದಿನ ಬಂದು ಕೇಳ್ತೀನಿ. ಉಡುಗ್ರು ಬಾಯ್ಬುಟ್ಟು ಇಂಗ್ಲೀಷ್ ಮಾತಾಡುದ್ರೆ ನಿಮ್ ಕೆಲ್ಸ ಪರ್ಮನೆಂಟು. ಇಲ್ಲ ಅಂದ್ರೆ ನಿಮ್ ದಾರಿ ನಿಮ್ಗೆ, ನಮ್ ದಾರಿ ನಮ್ಗೆ.”

ಆ ಒಂದಿನ ಇವತ್ತೇ. ಕಂಠಪ್ಪನವರು ಮಧ್ಯಾಹ್ನದ ಊಟ ಮುಗಿಸಿ ಬರುವವರಿದ್ದರು.

ಕಾದಂಬರಿಯನ್ನೇನೋ ಮೇಷ್ಟ್ರು ಒಳ್ಳೆಯದನ್ನೇ ಆರಿಸಿದ್ದರು. ಮುಂದೆಂದೋ ಬರಬಹುದಾದ ಒಂದು ಕೆಟ್ಟ ಕಾಲದ ಕತೆ. ಅಲ್ಲೊಂದು ಊರು. ಪ್ರತಿ ಸಂಜೆ ಊರವರೆಲ್ಲ ಚೌಕದಲ್ಲಿ ಸೇರಿ, ತಂತಮ್ಮ ನೆರೆಯವರು ಆ ದಿನ ಏನು ತಪ್ಪು ಮಾಡಿದರೆಂದು ಸರ್ಕಾರಕ್ಕೆ ವರದಿ ಒಪ್ಪಿಸಬೇಕು. ಗಂಡನ ಮೇಲೆ ಹೆಂಡತಿ, ಅಪ್ಪನ ಮೇಲೆ ಮಗ. ಪುಟಕ್ಕೆ ಹತ್ತು ಹೊಸ ಪದ. ಕೊನೆಯ ಅಧ್ಯಾಯವೊಂದು ಬಿಟ್ಟು ಉಳಿದಿದ್ದನ್ನೆಲ್ಲ ಮೇಷ್ಟ್ರೇ ಓದಿ, ಮೇಷ್ಟ್ರೇ ಅರ್ಥ ಹೇಳಿ, ಮೇಷ್ಟ್ರೇ ಬೆವರು ಒರೆಸಿಕೊಂಡಿದ್ದರು.

ಪದ ತಲೆಯಲ್ಲಿ ನಿಲ್ಲಬೇಕಾದರೆ ಅದನ್ನು ಬದುಕಬೇಕು ಎಂದು ಬೆಳಗ್ಗೆ ಬಸ್ಸಿನಲ್ಲಿ ಅವರಿಗೆ ಹೊಳೆಯಿತು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಮೊದಲ ಪೀರಿಯಡ್‌ನಲ್ಲೇ ಘೋಷಿಸಿದರು.

“ಇವತ್ತು ನಮ್ಮ ಕಾಲೇಜೇ ಆ ಊರು. ನೀವೆಲ್ಲ ಅಲ್ಲಿನ ಜನ. ಯಾರು ಏನು ಮಾಡ್ತಾರೆ ಅಂತ ಕಣ್ಣಿಡಿ. ಬಂದು ನನಗೆ ಇಂಗ್ಲಿಷ್‌ನಲ್ಲಿ ವರದಿ ಒಪ್ಪಿಸಿ. ಬೋರ್ಡ್ ಮೇಲಿರೋ ಒಂದು ಹೊಸ ಪದ ಅದರಲ್ಲಿ ಇರಲೇಬೇಕು.”

ಹಿಂದಿನ ಬೆಂಚಿನಿಂದ ಜಯರಾಮ ಎದ್ದ. ರಾತ್ರಿಯೆಲ್ಲ ಮನೆಯ ಬ್ಯಾರನ್‌ಗೆ ಬೆಂಕಿ ಒಟ್ಟಿ, ಹಗಲೆಲ್ಲ ತರಗತಿಯಲ್ಲಿ ತೂಕಡಿಸುವ ಹುಡುಗ. ಅಲ್ಲೆಲ್ಲ ಹೊಗೆಸೊಪ್ಪು ಬೇಯಿಸುವ ಗೂಡಿಗೆ ಬ್ಯಾರನ್ ಎಂದೇ ಹೆಸರು.

“ಸಾರ್, ರಮ್ಯಾ ಈಸ್ ಸಸ್ಪಿಶಿಯಸ್. ಒನ್ ಗರ್ಲ್, ಟೂ ಟಿಫಿನ್ ಬಾಕ್ಸ್.”

ತರಗತಿ ಹೋ ಎಂದು ನಕ್ಕಿತು. ರಮ್ಯಾ ಕೆಂಪಾಗಿ ಎದ್ದಳು. “ಸಾರ್, ಜಯರಾಮ ಈಸ್ ಎ ಸ್ಪೈ. ಹಿಸ್ ಐ ಈಸ್ ಆನ್ ಮೈ ಚಪಾತಿ!”

ವಕಾರ್ ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ವರ್ಷವಿಡೀ ಉತ್ತಿದ್ದ ನೆಲದಲ್ಲಿ ಮೊದಲ ಮೊಳಕೆ ಕಂಡಂತಾಯಿತು. ವ್ಯಾಕರಣ ಹಾಳಾಗಲಿ, ಮಕ್ಕಳು ಬಾಯಿ ಬಿಟ್ಟಿದ್ದವಲ್ಲ. ಅವರು ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೆಯ ಪೀರಿಯಡ್ ಹೊತ್ತಿಗೆ ತರಗತಿಯೊಳಗಿನ ಅಪರಾಧಗಳು ಮುಗಿದುಹೋದವು. ಬೇಹುಗಾರರು ಹೊರಗೆ ಹೊರಟರು. ಕಿಟಕಿಗೊಂದು ತಲೆ, ಕಂಬಕ್ಕೊಂದು ಕಿವಿ. ಕನ್ನಡದ ಪುಟ್ಟತಾಯಮ್ಮನವರು ಸ್ಟಾಫ್ ರೂಮಿನಿಂದ ದುಡುದುಡು ಬಂದರು. ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ.

“ವಕಾರ್, ಏನ್ರೀ ಇದು? ನಾನು ನೆಂಟರು ಬತ್ತಾರೆ ಅಂತ ಒಂದು ಹಿಡಿ ಬೆಳ್ಳುಳ್ಳಿ ಸುಲೀತಿದ್ರೆ ನಿಮ್ಮ ಹುಡುಗಿ ಕಿಟಕೀಲಿ ನಿಂತು ‘ಕ್ಲಾಂಡೆಸ್ಟೈನ್ ಗಾರ್ಲಿಕ್’ ಅಂತಾಳಲ್ಲ! ಹಂಗಂದ್ರೇನ್ರೀ?”

“ಕದ್ದುಮುಚ್ಚಿ ಅಂತ ಮೇಡಂ. ತುಂಬಾ ಕಷ್ಟದ ಪದ ಅದು. ಎಷ್ಟು ಸರಿಯಾಗಿ ಬಳಸಿದ್ದಾಳೆ ನೋಡಿ!” ಎಂದರು ಮೇಷ್ಟ್ರು, ಹಿಗ್ಗು ತಡೆಯಲಾರದೆ.

ಪುಟ್ಟತಾಯಮ್ಮ ಬೆಳ್ಳುಳ್ಳಿ ಹಿಡಿದ ಕೈಯನ್ನೇ ಅವರತ್ತ ಆಡಿಸಿದರು. “ನೀವು ಪಟ್ಟಣದೋರು. ಇಲ್ಲಿ ಕಣ್ಣು ಮುಚ್ಚಿಕೊಂಡು ಬದುಕೋದೂ ಒಂದು ವಿದ್ಯೆ ಕಣಪ್ಪ. ನಿಲ್ಲಿಸಿ ಈ ಆಟನ.”

ಮೇಷ್ಟ್ರು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಚಂದ್ರಿಕಾ ಎದ್ದು ನಿಂತಿದ್ದಳು.

ಚಂದ್ರಿಕಾ ಕಾಡಂಚಿನ ಬುಡಕಟ್ಟು ಹಾಡಿಯ ಹುಡುಗಿ. ಅವಳ ಬಾಯಿಂದ ಪೂರ್ತಿ ಒಂದು ವಾಕ್ಯ ಕೇಳಿದವರು ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಹಾಜರಿ ಕರೆದರೂ ಬರೀ ಕೈ ಎತ್ತುತ್ತಿದ್ದಳು. ಅಂಥವಳು ಇವತ್ತು ಸೆರಗಿನ ತುದಿ ಹಿಡಿದಂತೆ ದುಪಟ್ಟಾದ ತುದಿ ಹಿಡಿದು, ಒಂದೊಂದೇ ಪದ ಜೋಡಿಸಿದಳು.

“ಸಾರ್, ಸುನೀಲ್ಕುಮಾರ್ ಸಾರ್ ಈಸ್ ಅಬ್ಸೆಂಟ್. ಬಟ್ ಹಿಸ್ ಸೈನ್ ಈಸ್ ಪ್ರೆಸೆಂಟ್. ಹೀ ಈಸ್ ಇನ್ ಹಿಸ್ ಬ್ಯಾರನ್. ಮೈ ಮದರ್ ಈಸ್ ಟೈಯಿಂಗ್ ಲೀಫ್ಸ್ ದೇರ್. ಐ ಸಾ. ಇಟ್ ಈಸ್ ಮೈ ಸರ್ವೈಲೆನ್ಸ್.”

“ಲೀಫ್ಸ್ ಅಲ್ಲಮ್ಮ, ಲೀವ್ಸ್” ಎಂದು ತಿದ್ದಿದರು ವಕಾರ್ ಮೇಷ್ಟ್ರು. “ಉಳಿದದ್ದೆಲ್ಲ ಚಿನ್ನದಂಥ ಇಂಗ್ಲಿಷ್! ಎಲ್ಲರೂ ಚಪ್ಪಾಳೆ ತಟ್ಟಿ!”

ಎಲ್ಲರೂ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಪ್ರಿನ್ಸಿಪಾಲ್ ಕೃಷ್ಣಕುಮಾರ್ ಒಬ್ಬರು ತಟ್ಟಲಿಲ್ಲ. ಅವರನ್ನು ನೋಡಿದ ಮೇಲೆಯೇ ಮೇಷ್ಟ್ರಿಗೆ ಆ ವಾಕ್ಯದ ಅರ್ಥ ಹೊಳೆದದ್ದು. ಅಲ್ಲಿಯವರೆಗೆ ಅವರಿಗೆ ವ್ಯಾಕರಣ ಮಾತ್ರ ಕೇಳಿಸಿತ್ತು.

“ಏನ್ರೀ ಮಾಡಿಬಿಟ್ರಿ!” ಪ್ರಿನ್ಸಿಪಾಲರು ಅವರನ್ನು ಹೊರಗೆ ಎಳೆದುಕೊಂಡು ಹೋಗಿ ಹಣೆ ಚಚ್ಚಿಕೊಂಡರು. “ಸುನೀಲ್ಕುಮಾರ್ ಬ್ಯಾರನ್‌ನಲ್ಲಿ ಇರೋದು ನನಗೆ ಗೊತ್ತಿಲ್ವೇ? ಇಡೀ ಕಾಲೇಜಿಗೆ ಗೊತ್ತು.”

“ಗೊತ್ತಿದ್ದರೆ ಮತ್ತೆ...”

“ಗೊತ್ತಿರೋದು ಬೇರೆ, ಕೇಳಿಸ್ಕೊಳ್ಳೋದು ಬೇರೆ ಕಣ್ರೀ! ಸೊಪ್ಪು ಬೇಯೋ ಕಾಲದಲ್ಲಿ ಇಲ್ಲಿ ಯಾರೂ ಯಾರನ್ನೂ ನೋಡಲ್ಲ. ರಾತ್ರಿಯೆಲ್ಲ ಬೆಂಕಿ ಕಾಯೋ ಹುಡುಗ್ರು ಮನೇಲಿ ನಿದ್ದೆ ಮಾಡ್ತಿದ್ರೂ ಅವರಿಗೆ ಹಾಜರಿ ಬೀಳ್ತದೆ. ಬ್ಯಾರನ್ ಇಟ್ಟಿರೋ ಮೇಷ್ಟ್ರುಗಳಿಗೂ ಬೀಳ್ತದೆ. ನಿಮ್ಮ ಜಯರಾಮ ಪರೀಕ್ಷೆಗೆ ಕೂರೋದು ಈ ಪುಣ್ಯದಿಂದಲೇ. ಈಗ ಇಡೀ ತರಗತಿ ಎದುರಿಗೆ, ಅದೂ ಇಂಗ್ಲಿಷಲ್ಲಿ, ನನ್ನ ಕಿವಿಗೆ ಬಿತ್ತಲ್ಲ. ಇನ್ನು ನಾನು ಸುಮ್ಮನಿರೋದು ಹೇಗೆ?”

ಸುಮ್ಮನಿರಲಾಗದ ಪ್ರಿನ್ಸಿಪಾಲರು ಫೋನ್ ಮಾಡಿದರು. ಸುನೀಲ್ಕುಮಾರ್ ಬೈಕಿನಲ್ಲಿ ಹಾರಿ ಬಂದರು. ಕಾಮರ್ಸ್ ಪಾಠ ಮಾಡುವ ಆ ಕೈಗಳೆರಡೂ ಸೊಪ್ಪಿನ ಜಿಡ್ಡಿಗೆ ಕಪ್ಪಾಗಿದ್ದವು.

“ಸಾರ್, ನನ್ನಿಂದ ತಪ್ಪಾಯ್ತು...” ಎಂದು ವಕಾರ್ ಮೇಷ್ಟ್ರು ಅವರ ಎದುರಿಗೆ ಹೋದರು.

“ತಪ್ಪಾ? ಬೆಂಕಿ ಹದ ನೋಡೋರಿಲ್ದೆ ಈಗ ಅಲ್ಲಿ ಸೊಪ್ಪು ಏನಾಗಿದೆಯೋ! ನಿಮ್ಮ ಇಂಗ್ಲೀಷು ಸುಡ್ತಲ್ರೀ ನನ್ ಬ್ಯಾರನ್ನ!” ಸುನೀಲ್ಕುಮಾರ್ ಉರಿದುಬಿದ್ದರು. “ಕೇತಿಗೆ ಹೇಳ್ಬುಟ್ಟೆ, ನಾಳಿಂದ ನನ್ ಹೊಲದ ಕಡೆ ತಲೆ ಹಾಕ್ಬೇಡ ಅಂತ. ತಾಯಿ ನನ್ ಹತ್ರ ಕೂಲಿ ಮಾಡ್ಬೇಕು, ಮಗಳು ನನ್ ಮೇಲೇ ವರದಿ ಒಪ್ಪಿಸ್ಬೇಕು. ಎಂಥಾ ಪಾಠ ಕಲಿಸುದ್ರಿ ಸ್ವಾಮಿ!”

ಕೇತಿ ಚಂದ್ರಿಕಾಳ ತಾಯಿ. ಆ ಕೂಲಿಯಿಂದಲೇ ಹುಡುಗಿಯ ಬಸ್ಸು, ಪುಸ್ತಕ ಎಲ್ಲ. ವಕಾರ್ ಮೇಷ್ಟ್ರು ಕೈ ಮುಗಿದರು, ಅಂಗಲಾಚಿದರು. ಸುನೀಲ್ಕುಮಾರ್ ಕೈ ತೊಳೆಯಲು ಹೋದವರು ಹಿಂದಿರುಗಿ ನೋಡಲಿಲ್ಲ.

ಊಟದ ಬಿಡುವಿನಲ್ಲಿ ಚಂದ್ರಿಕಾ ಹೊಂಗೆ ಮರದ ಕೆಳಗೆ ಡಬ್ಬಿ ತೆರೆಯದೆ ಕೂತಿದ್ದಳು. ಸುದ್ದಿ ಅವಳಿಗೂ ಮುಟ್ಟಿತ್ತು.

“ತಪ್ಪು ನಂದಮ್ಮ” ಎಂದರು ಮೇಷ್ಟ್ರು. “ನೀನು ಹೇಳಿದ್ದು ನಿಜಾನೇ. ಹೇಳಿಸಿದವನು ನಾನು.”

“ಆ ಕಾದಂಬ್ರೀಲೂ ಇಂಗೇ ಅಲ್ವಾ ಸಾರ್ ಆಗೋದು?” ಎಂದಳು ಅವಳು, ಬೇಸರವನ್ನೂ ತೋರಿಸದೆ, ಸುಮ್ಮನೆ ತಿಳಿಯಬೇಕೆಂಬ ಹಾಗೆ.

ಅಷ್ಟು ದಿನ ಮೇಷ್ಟ್ರು ಆ ಪುಸ್ತಕವನ್ನು ಪದಗಳ ಮೂಟೆಯಂತೆ ಹೊತ್ತು ತಂದು ಮಕ್ಕಳ ಮುಂದೆ ಸುರಿದಿದ್ದರು. ಒಳಗಿದ್ದ ಬೆಂಕಿಯನ್ನು ಅವರೇ ಸರಿಯಾಗಿ ನೋಡಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದೂ ಈ ಹುಡುಗಿ ತರಗತಿಯಲ್ಲಿ ಮೊದಲ ಸಲ ಆಡಿದ ಮಾತು. ಅವರು ಊಟ ಮಾಡದೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತರು. ಉಳಿದಿದ್ದ ಆಸೆ ಒಂದೇ. ಕಂಠಪ್ಪನವರ ಮುಂದೆ ಮಕ್ಕಳು ಮಾತಾಡಿ ಕೆಲಸ ಉಳಿದರೆ, ಹೇಗಾದರೂ ಎಲ್ಲರನ್ನೂ ಹಿಡಿದು ಸರಿ ಮಾಡಬಹುದು. ಬೇಹುಗಾರಿಕೆ ಬೇಡ, ಹೆಸರು, ಊರು, ಹವಾಮಾನ ಹೇಳಿದರೂ ಸಾಕು.

ಕಂಠಪ್ಪನವರ ಜೀಪು ಬಂತು. ತರಗತಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ಪ್ರಿನ್ಸಿಪಾಲ್, ಬಾಗಿಲಲ್ಲಿ ಪುಟ್ಟತಾಯಮ್ಮ ಮತ್ತು ಮುಖ ಬಿಳಿಚಿಕೊಂಡ ಸುನೀಲ್ಕುಮಾರ್.

“ಏನ್ರಪ್ಪ, ಇವತ್ತು ಅದೇನೋ ಒಸಾ ಆಟ ಅಂತೆ? ಯಾರ್ಯಾರು ಏನೇನು ಮಾಡುದ್ರು ಅಂತ ನೋಡುದ್ರಂತೆ? ನಂಗೂ ಯೋಳಿ, ಇಂಗ್ಲೀಷ್ನಾಗೆ. ಮೇಷ್ಟ್ರುಗಳೆಲ್ಲ ಒತ್ಗೆ ಸರ್ಯಾಗಿ ಬತ್ತಾರಾ?”

ಸುನೀಲ್ಕುಮಾರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ತರಗತಿ ಕಮಕ್ ಕಿಮಕ್ ಎನ್ನಲಿಲ್ಲ.

“ಅದು ಬೇಡ ಸಾರ್, ಅದು ಮುಗೀತು” ಎಂದು ವಕಾರ್ ಮೇಷ್ಟ್ರು ಮುಂದೆ ಬಂದರು. “ಜಯರಾಮ, ವಾಟ್ ಈಸ್ ಯುವರ್ ನೇಮ್?”

ಜಯರಾಮ ಎದ್ದು ನಿಂತ. ಗೋಡೆ ನೋಡಿದ.

“ರಮ್ಯಾ, ವಾಟ್ ಈಸ್ ಸರ್ವೈಲೆನ್ಸ್?”

ರಮ್ಯಾ ತುಟಿ ಬಿಗಿದಳು.

“ಚಂದ್ರಿಕಾ... ಏನಾದ್ರೂ ಒಂದು ಮಾತು ಹೇಳಮ್ಮ. ಗುಡ್ ಆಫ್ಟರ್‌ನೂನ್ ಅಂತಾದ್ರೂ.”

ಚಂದ್ರಿಕಾ ನೇರವಾಗಿ ಕಂಠಪ್ಪನವರ ಕಣ್ಣಿಗೆ ಕಣ್ಣಿಟ್ಟು ನಿಂತಳು. ಬಾಯಿ ಮಾತ್ರ ತೆರೆಯಲಿಲ್ಲ. ಕಂಠಪ್ಪನವರು ಕನ್ನಡದಲ್ಲಿ ಕೇಳಿದರು, ಗದರಿದರು, ಕೊನೆಗೆ “ಊಟ ಆಯ್ತಾ” ಎಂದೂ ಕೇಳಿದರು. ಅದಕ್ಕೂ ಉತ್ತರವಿಲ್ಲ.

ಕಂಠಪ್ಪನವರು ಟವಲ್ ಕೊಡವಿ ಎದ್ದರು. ಜಗಲಿಗೆ ಬಂದ ಮೇಲೆ ಮೆತ್ತಗೆ ಹೇಳಿದರು. “ಮೇಷ್ಟ್ರೇ, ನೀವು ಒಳ್ಳೇರು. ಆದ್ರೆ ಇಂಗ್ಲೀಷ್ ಇರ್ಲಿ, ಇದ್ದ ಕನ್ನಡಾನೂ ಕಳ್ದುಬುಟ್ರಲ್ಲ! ಈ ತಿಂಗ್ಳು ಮುಗುಸ್ಬುಡಿ. ಆಮ್ಯಾಕೆ ಇಂಗ್ಲೀಷ್ನ ನಮ್ ಸುನೀಲ್ಕುಮಾರೇ ನೋಡ್ಕತಾರೆ. ದಿನಾ ತಪ್ಪುಸ್ಕಳ್ದೆ ಬರೋ ಮನ್ಸ.”

ಜೀಪು ಹೊರಟಿತು. ಸುನೀಲ್ಕುಮಾರ್ ಹತ್ತಿರ ಬಂದು ಕೆಮ್ಮಿದರು. “ಕೇತಿಗೆ ನಾಳೆ ಬರೋಕೆ ಹೇಳ್ತೀನಿ ಬುಡಿ. ಆ ಮಗಾ ನನ್ ಮಾನ ಉಳುಸ್ತು.” ಮೇಷ್ಟ್ರು ತಲೆಯಾಡಿಸಿದರು. ಅಷ್ಟಾದರೂ ಆಯಿತಲ್ಲ ಎಂದು ನಿಜವಾಗಿಯೂ ಸಮಾಧಾನವಾಯಿತು. ಆದರೂ ಒಂದು ‘ಗುಡ್ ಆಫ್ಟರ್‌ನೂನ್’ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂಬ ನೋವು ಉಳಿದೇ ಇತ್ತು. ತರಗತಿಗೆ ಮರಳಿದರು.

“ಯಾಕ್ರೋ? ಹೆಸರಾದ್ರೂ ಹೇಳಬಾರದಿತ್ತಾ?”

ಮಕ್ಕಳ ಮುಖ ದೀಪ ಹಚ್ಚಿದಂತಿತ್ತು. ಕಿಟಕಿಯಾಚೆ ಜೀಪು ತಿರುವಿನಲ್ಲಿ ಮರೆಯಾದದ್ದನ್ನು ಜಯರಾಮ ಖಚಿತ ಮಾಡಿಕೊಂಡ.

“ಊಟದ ಒತ್ನಾಗೆ ಕೊನೇ ಅಧ್ಯಾಯ ನಾವೇ ಓದ್ಕಂಡೋ ಸಾರ್!” ಎಂದಳು ರಮ್ಯಾ. “ಒಂದೊಂದ್ ಪದಾನೂ ಫೋನ್ನಾಗೆ ನೋಡ್ಕಂಡು. ಚಂದ್ರಿಕಾನೇ ಶುರು ಮಾಡಿದ್ದು.”

ಕೊನೆಯ ಅಧ್ಯಾಯದಲ್ಲಿ ಆ ಊರಿನ ಜನ ಒಂದು ಸಂಜೆ ಚೌಕಕ್ಕೆ ಬಂದು, ಸರ್ಕಾರ ಏನು ಕೇಳಿದರೂ ಒಬ್ಬರೂ ಬಾಯಿ ಬಿಡುವುದಿಲ್ಲ. ಹೆಸರನ್ನೂ ಹೇಳುವುದಿಲ್ಲ. ಒಂದು ಸಣ್ಣ ಮಾತು ಆಡಿದರೂ ಅದರ ಹಿಂದೆ ಇನ್ನೊಂದು ಬರುತ್ತದೆಂದು ಅವರಿಗೆ ಗೊತ್ತು. ಕೇಳಿಸಿಕೊಳ್ಳಲು ಏನೂ ಸಿಗದ ಸರ್ಕಾರ ಅಲ್ಲಿಗೆ ಕುಸಿಯುತ್ತದೆ.

“ವಿ ಸ್ಟುಡ್ ಟುಗೆದರ್, ಸರ್!” ಜಯರಾಮ ಎದೆ ಉಬ್ಬಿಸಿ ಹೇಳಿದ. “ನೋಬಡಿ ಬಿಟ್ರೇಡ್ ಎನಿಬಡಿ!”

ಆಮೇಲೆ ಕಟ್ಟೆ ಒಡೆಯಿತು. ಸೈಲೆನ್ಸ್, ರೆಬೆಲಿಯನ್, ಕರೇಜ್, ಫ್ರೀಡಮ್ ಎಂದು ಇಡೀ ತರಗತಿ ಒಟ್ಟೊಟ್ಟಿಗೆ ಇಂಗ್ಲಿಷ್ ಮಾತಾಡತೊಡಗಿತು. ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡು, ತಪ್ಪಾದರೆ ತಾವೇ ತಿದ್ದಿಕೊಂಡು. ವಕಾರ್ ಮೇಷ್ಟ್ರು ರಸ್ತೆ ಕಡೆ ನೋಡಿದರು. ಅಲ್ಲಿ ಜೀಪಿನ ಧೂಳು ಮಾತ್ರ ಇತ್ತು. ಓಡಿಹೋಗಿ ಕಂಠಪ್ಪನವರನ್ನು ಕರೆತರಬಹುದಿತ್ತು. ಕರೆತಂದರೆ ಈ ಮಕ್ಕಳು ಮತ್ತೆ ಬಾಯಿ ಮುಚ್ಚುತ್ತವೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಅಷ್ಟು ಚೆನ್ನಾಗಿ ಪಾಠ ಹತ್ತಿತ್ತು.

“ಸರ್, ಆರ್ ಯೂ ಹ್ಯಾಪಿ ವಿತ್ ಅಸ್?” ಎಂದು ಕೇಳಿದಳು ಚಂದ್ರಿಕಾ.

“ಎಸ್” ಎಂದರು ಮೇಷ್ಟ್ರು.

“ವಿಚ್ ನಾವೆಲ್ ನೆಕ್ಸ್ಟ್ ಮಂತ್, ಸರ್?”

ಮೇಷ್ಟ್ರು ಡಸ್ಟರ್ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು. “ಅದನ್ನ ಸುನೀಲ್ಕುಮಾರ್ ಸರ್ ಹೇಳ್ತಾರೆ” ಎಂದರು.