ಪ್ರಿಂಟರ್ ಡಾಕ್ಟ್ರ ಮೂರೂವರೆ ಗಂಟೆ

ಅವನು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಫೋನು ಬಂತು: ಲ್ಯಾಬಿನ ಪ್ರಿಂಟರ್ ನಿಂತಿದೆ. ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಪ್ರಿಂಟರ್ ಡಾಕ್ಟ್ರು ಅಂತ. ಇಪ್ಪತ್ತೆರಡು ಪ್ರಿಂಟರುಗಳಿಗೆ ಹೋಗಬೇಕಾದ ಕಾಗದಪತ್ರಗಳು ಮೊದಲು ಆ ಸರ್ವರಿನಲ್ಲಿ ಸಾಲುಗಟ್ಟುತ್ತಿದ್ದವು. ಮುಂದಿನದೊಂದು ಹಟ ಹಿಡಿದು ನಿಂತರೆ ಹಿಂದಿನವೆಲ್ಲ ಅಲ್ಲೇ ಬಿಡಾರ ಹೂಡುತ್ತಿದ್ದವು. ಆಗ ಇವನು ಎದ್ದುಬಿದ್ದು ಓಡಿಬಂದು ಸಾಲನ್ನು ನೂಕಬೇಕು.

ಅವತ್ತು ನಾಲ್ಕಕ್ಕೆ ಮಗಳ ಶಾಲೆಯಲ್ಲಿ ನಾಟಕ. ಹೋದ ಎರಡು ವರ್ಷವೂ ಪ್ರಿಂಟರೇ ಅಡ್ಡ ಬಂದಿತ್ತು. "ಈ ಸಲಾನೂ ಬರದಿದ್ರೆ ನೀನು ನಮ್ಮಪ್ಪ ಅಂತ ಟೀಚರಿಗೆ ಹೇಳಲ್ಲ" ಎಂದಿದ್ದಳು ಮಗಳು.

ಏನೇ ಆಗಲಿ ಮೂರೂವರೆಗೆ ಹೊರಡುವುದೇ ಎಂದು ಅವನು ಪಟ್ಟು ಹಿಡಿದ. ಆಸ್ಪತ್ರೆಗೆ ಬಂದು ಲ್ಯಾಬಿನ ಸಾಲನ್ನು ನೂಕಿದವನೇ, ಸಾಲುಗಳನ್ನು ನಿಮಿಷಕ್ಕೊಮ್ಮೆ ತಾನೇ ನೋಡಿ, ನಿಂತದ್ದನ್ನು ತಾನೇ ಎಬ್ಬಿಸುವ ಪ್ರೋಗ್ರಾಮ್ ಬರೆಯಲು ಕೂತ. ಔಷಧಿ ಅಂಗಡಿಯವನು ಬಂದು, ಪ್ರಿಂಟರಿನ ಬೆನ್ನಿಗೊಂದು ಗುದ್ದು ಹಾಕಿದರೆ ಸಾಕು ಅಂದ. ಕಾವಲುಗಾರ ತನ್ನ ಮಾವ ಎಂಥ ಯಂತ್ರವನ್ನೂ ಸ್ವಿಚ್ ಆರಿಸಿಯೇ ರಿಪೇರಿ ಮಾಡುತ್ತಿದ್ದ ಕತೆಯನ್ನು ಅರ್ಧ ಗಂಟೆ ಹೇಳಿದ.

ಹನ್ನೊಂದಕ್ಕೆ ಪ್ರೋಗ್ರಾಮ್ ಓಡಿತು. ಹನ್ನೆರಡಕ್ಕೆ ದಾಖಲೆ ವಿಭಾಗದ ಅಕ್ಕ ತೋಳ ತುಂಬ ಕಾಗದ ಹೊತ್ತು ಬಂದರು. ಲ್ಯಾಬಿನ ಮುದಿ ಪ್ರಿಂಟರ್ ಒಂದು ಪುಟ ಮುಗಿಸಿ, ಎರಡನೆಯದಕ್ಕೆ ದಮ್ಮು ಎಳೆದುಕೊಳ್ಳುವಷ್ಟರಲ್ಲಿ, ಇದು ಸತ್ತೇಹೋಯಿತೆಂದು ಪ್ರೋಗ್ರಾಮ್ ತಟ್ಟಿ ಎಬ್ಬಿಸಿ ಮತ್ತೆ ಮೊದಲ ಪುಟದಿಂದಲೇ ಶುರುಮಾಡಿಸುತ್ತಿತ್ತು.

"ಒಬ್ರ ಮೂತ್ರ ಪರೀಕ್ಷೆ, ನಲವತ್ತು ಪ್ರತಿ," ಅಂದರು ಅಕ್ಕ. "ಊರಿಗೆಲ್ಲ ಹಂಚೋದೇನಪ್ಪಾ?"

ಅವನು ಊಟದ ಡಬ್ಬಿಯನ್ನೂ ಬಿಚ್ಚಲಿಲ್ಲ. ಐದು ನಿಮಿಷ ಕಾಯಬೇಕು, ಕಾಗದ ಇದೆಯೋ ನೋಡಬೇಕು, ಮೂರೇ ಸಲ ಎಬ್ಬಿಸಬೇಕು ಎಂದು ಪ್ರೋಗ್ರಾಮಿಗೆ ಮಗುವಿಗೆ ಹೇಳುವಂತೆ ಹೇಳಿಕೊಟ್ಟ. ಹಳೆಯ ಕಾಗದವೇನಾದರೂ ಸಾಲಿನ ಮೂಲೆಯಲ್ಲಿ ಸಿಕ್ಕಿಕೊಂಡಿದ್ದರೆ ಅದನ್ನೂ ಬಿಡಬೇಡ ಅಂದ. ಮೂರು ಗಂಟೆಗೆ ಇಪ್ಪತ್ತೆರಡೂ ಪ್ರಿಂಟರುಗಳು ಒಂದೂ ಕೊಸರಾಡದೆ ಓಡುತ್ತಿದ್ದವು.

ಮೂರು ಇಪ್ಪತ್ತೈದಕ್ಕೆ ಚೀಲ ಹೆಗಲಿಗೇರಿಸಿ ಬಾಗಿಲು ದಾಟುವಾಗ ಅಕ್ಕ ಮತ್ತೆ ಎದುರಾದರು. ಕೈಯಲ್ಲಿ ಒಂದೇ ಹಾಳೆ. ಸೂಪರಿಂಟೆಂಡೆಂಟರು ನಿನ್ನೆ ಸಂಜೆ ಪ್ರಿಂಟ್ ಕೊಟ್ಟು ಮರೆತಿದ್ದ ಆದೇಶ. ಸಾಲಿನಲ್ಲಿ ಸಿಕ್ಕಿಕೊಂಡಿದ್ದದ್ದು ಈಗಷ್ಟೇ ತಾನಾಗಿ ಹೊರಬಂದಿತ್ತು. 'ಪ್ರಿಂಟರುಗಳು ಪದೇ ಪದೇ ನಿಲ್ಲುತ್ತಿರುವುದರಿಂದ, ಸರ್ವರ್ ಸಿಬ್ಬಂದಿಯು ಇಂದಿನಿಂದ ಸಂಜೆ ಏಳರವರೆಗೆ ಕಡ್ಡಾಯವಾಗಿ ಸ್ಥಳದಲ್ಲಿರತಕ್ಕದ್ದು.'

ಅವನು ನೇರ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, ಇನ್ನು ಪ್ರಿಂಟರುಗಳು ನಿಲ್ಲುವುದಿಲ್ಲ, ನಿಂತರೂ ಪ್ರೋಗ್ರಾಮೇ ಎಬ್ಬಿಸುತ್ತದೆ ಎಂದು ಒಂದೇ ಉಸಿರಿನಲ್ಲಿ ವಿವರಿಸಿದ. ಅವರು ಕನ್ನಡಕ ತೆಗೆದು ಪೂರ್ತಿ ಕೇಳಿಸಿಕೊಂಡರು. ಬಹಳ ಒಳ್ಳೆಯ ಕೆಲಸ ಎಂದು ಹೊಗಳಿದರು ಕೂಡ.

"ಆದ್ರೆ ಆ ಪ್ರೋಗ್ರಾಮೇ ನಿಂತುಹೋದ್ರೆ," ಅಂದರು, "ಅದನ್ನ ಎಬ್ಬಿಸೋರು ಯಾರ್ರೀ?"

ಅವನು ವಾಪಸು ಬಂದು ಚೀಲ ಕೆಳಗಿಟ್ಟ. ಕುರ್ಚಿ ಎಳೆದುಕೊಂಡು, ಅಂಗಿಯ ತೋಳು ಮಡಚಿ, ಮೊದಲನೇ ಪ್ರೋಗ್ರಾಮನ್ನು ಕಾಯುವ ಎರಡನೇ ಪ್ರೋಗ್ರಾಮ್ ಬರೆಯಲು ಶುರುಮಾಡಿದ.